ಗಾಳ ಹಾಕೋ ಮುಂಚೆ ನೀರು ಯಾರದು ಅಂತ ಕೇಳಿ

ಗಂಗಾವತಿ: ಭತ್ತದ ಸುಗ್ಗಿ ಬಂದರೆ ಕಟಾವು ಯಂತ್ರದವರು, ಅಕ್ಕಿ ಗಿರಣಿಗೆ ಬರುವ ಲಾರಿ ಚಾಲಕರು, ಕಂಪನಿ ಕೆಲಸಕ್ಕೆ ಓಡಾಡುವವರು ಗಂಗಾವತಿ, ಹೇಮಗುಡ್ಡ ಕಡೆ ವಾರಗಟ್ಟಲೆ ಉಳಿಯುತ್ತಾರೆ. ಲೋಡು ಆಗದ ದಿನ ಕೈಯಲ್ಲಿ ಕೆಲಸ ಇರಲ್ಲ. ಆಗ ಚಹಾ ಅಂಗಡಿಯಲ್ಲಿ ಕೇಳೋದು, "ಅಣ್ಣಾರ, ಇಲ್ಲಿ ಮೀನು ಹಿಡಿಯಾಕ ಛಲೋ ಜಾಗ ಎಲ್ಲೈತ್ರಿ?" ಅಂಗಡಿಯವರು ಕೈ ತೋರಿಸಿದ ಕಡೆ ಅವರು ಹೋಗುತ್ತಾರೆ. ಹಾಗಾಗಿ ಈ ಮಾಹಿತಿ ಬಂದವರಿಗಷ್ಟೇ ಅಲ್ಲ, ದಾರಿ ಹೇಳುವವರಿಗೂ ಬೇಕು.

ಎಲ್ಲರ ಬಾಯಲ್ಲಿ ಮೊದಲು ಬರೋದು ತುಂಗಭದ್ರಾ ನದಿ. ಆದರೆ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ನದಿ ಪಾತ್ರವನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಎಂದು ಘೋಷಿಸಿದೆ. ಆನೆಗೊಂದಿ, ಸಣಾಪುರ ಕಡೆಯ ಹೊಳೆ ಈ ನಡುವೆಯೇ ಬರುತ್ತದೆ. ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯೋದು ಇಲ್ಲಿ ನೇರವಾಗಿ ವನ್ಯಜೀವಿ ಕಾಯ್ದೆ ಕೇಸು. ಬರೀ ಗಾಳ ಆದರೂ ಅರಣ್ಯ ಇಲಾಖೆಯವರನ್ನು ಕೇಳದೆ ಇಳಿಯಬಾರದು. ನೀರಲ್ಲಿ ಮೊಸಳೆ ಇವೆ. ಬಂಡೆ ಸಂದಿನ ಸೆಳವು ಮೇಲಿಂದ ಕಾಣಲ್ಲ. 2025ರ ಫೆಬ್ರುವರಿಯಲ್ಲಿ ಸಣಾಪುರ ಬಳಿ ನೀರಿಗೆ ಜಿಗಿದ ಪ್ರವಾಸಿಯೊಬ್ಬರು ವಾಪಸು ಬರಲಿಲ್ಲ. ಹೊಸಬರಿಗೆ ಹೊಳೆ ತೋರಿಸದೇ ಇರೋದೇ ವಾಸಿ.

ಎಡದಂಡೆ ಕಾಲುವೆ ರಸ್ತೆ ಪಕ್ಕದಲ್ಲೇ ಸಿಗುತ್ತೆ, ಅದಕ್ಕೇ ಹೆಚ್ಚು ಜನ ಅಲ್ಲಿ ಕೂರುತ್ತಾರೆ. ನೀರು ಬಿಟ್ಟಾಗ ಹರಿವು ಜೋರು, ಮೀನು ಗಾಳ ಮುಟ್ಟೋದು ಕಡಿಮೆ. ಇಳಿಜಾರು ದಂಡೆ ಪಾಚಿ ಹಿಡಿದಿರುತ್ತೆ, ಕಾಲು ಜಾರಿದರೆ ಹಿಡಿಯಲು ಏನೂ ಸಿಗಲ್ಲ. ಕಾಲುವೆ ಬಂದ್ ಆದ ಮೇಲೆ ತೂಬು, ಸೇತುವೆ ಕೆಳಗಿನ ಗುಂಡಿಗಳಲ್ಲಿ ನೀರು ನಿಲ್ಲುತ್ತದಲ್ಲ, ಮೀನು ಇರೋದು ಅಲ್ಲಿ. ಊರ ಹುಡುಗರಿಗೆ ಇದು ಗೊತ್ತು.

ನಿಜವಾಗಿ ನೆಮ್ಮದಿಯಿಂದ ಕೂರಬಹುದಾದ ಜಾಗ ಕೆರೆ. ಅದರಲ್ಲೂ ಒಂದು ತೊಡಕಿದೆ. ಬಹುತೇಕ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ, ಸಣ್ಣವನ್ನು ಗ್ರಾಮ ಪಂಚಾಯಿತಿ ನೋಡಿಕೊಳ್ಳುತ್ತವೆ. ಗುತ್ತಿಗೆದಾರ ಸ್ವಂತ ದುಡ್ಡು ಹಾಕಿ ಕಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿರುತ್ತಾನೆ. ಹೊರಗಿನವ ಬಂದು ಎರಡು ಕೆ.ಜಿ. ಮೀನು ಎತ್ತಿದರೆ ಅವನ ಪಾಲಿಗೆ ಅದು ಕಳವೇ. ದಂಡೆಯ ಮೇಲಿನ ಜಗಳ ಹುಟ್ಟೋದು ಇಲ್ಲೇ. ಕಾವಲುಗಾರನನ್ನು ಕೇಳಿದರೆ ಕೆಲವರು ಒಂದಿಷ್ಟು ಹಣ ತಗೊಂಡು ಕೂರಲು ಬಿಡ್ತಾರೆ, ಕೆಲವರು ಬಿಡಲ್ಲ. ಕುಷ್ಟಗಿಯ ನಿಡಶೇಸಿ ಕೆರೆ ಇರಲಿ, ಕಿನ್ನಾಳ ಹತ್ತಿರದ ಹಿರೇಹಳ್ಳ ಜಲಾಶಯ ಇರಲಿ, ಮೊದಲು ವಿಚಾರಿಸಬೇಕು. ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಹೋಗೋರು ಮಂಡಳಿಯ ಪರವಾನಗಿ ಪಡೆದ ಮೀನುಗಾರರ ಬಲೆ ಎಲ್ಲಿದೆ ನೋಡಿ ದೂರ ಕೂರಬೇಕು. ಬಲೆಗೆ ಗಾಳ ಸಿಕ್ಕು ಹರಿದರೆ ಅವರ ದಿನದ ದುಡಿಮೆ ಹೋಯ್ತು.

ಅನುಮತಿ ಸಿಕ್ಕ ಮೇಲೆ ಜಾಗ ಗುರುತಿಸೋದು ಕಷ್ಟ ಅಲ್ಲ. ಹಳ್ಳ ಬಂದು ಕೆರೆ ಸೇರುವ ಬಾಯಿ, ಜೊಂಡಿನ ಅಂಚು, ನೀರುಕಾಗೆ ಪದೇ ಪದೇ ಮುಳುಗುವ ಕಡೆ ನೋಡಿ. ಬಿಸಿಲೇರೋ ಮುಂಚೆ, ಇಲ್ಲಾಂದ್ರೆ ಹೊತ್ತು ಮುಳುಗೋ ಹೊತ್ತಿಗೆ ಕೂರಬೇಕು. ಮಟಮಟ ಮಧ್ಯಾಹ್ನ ಬೆಂಡು ಅಲುಗಾಡೋದು ಗಾಳಿಗೆ ಮಾತ್ರ. ರೋಹು, ಮೃಗಾಲ್‌ಗೆ ತೌಡು, ಗೋಧಿ ಹಿಟ್ಟಿನ ಉಂಡೆ ಸಾಕು. ತೌಡಿಗಂತೂ ಗಂಗಾವತಿಯಲ್ಲಿ ಬರ ಇಲ್ಲ. ಜಿಲೇಬಿ ಮೀನು ಎರೆಹುಳು ಕಂಡರೆ ಬಿಡಲ್ಲ.

ಮಳೆ ಶುರುವಾಗಿ ಹೊಸ ನೀರು ಬಂದಾಗ ಮೀನು ಮೊಟ್ಟೆ ಇಡಲು ಪ್ರವಾಹಕ್ಕೆ ಎದುರು ಹತ್ತುತ್ತವೆ. ಆಗ ರಾಶಿ ಮೀನು ಸಿಗುತ್ತೆ ನಿಜ, ಆದರೆ ಹೊಟ್ಟೆ ತುಂಬ ಮೊಟ್ಟೆ ಇದ್ದವನ್ನು ಹಿಡಿದರೆ ಮುಂದಿನ ವರ್ಷ ಅದೇ ಕೆರೆಯಲ್ಲಿ ಬರೀ ನೀರು. ಇನ್ನು ಮೀಸೆಯ ಆಫ್ರಿಕನ್ ಕ್ಯಾಟ್‌ಫಿಶ್ ಗಾಳಕ್ಕೆ ಬಿದ್ದರೆ ಮತ್ತೆ ನೀರಿಗೆ ಬಿಡಬೇಡಿ. ಅದರ ಸಾಕಣೆಗೆ ದೇಶದಲ್ಲೇ ನಿಷೇಧ ಇದೆ, ನಮ್ಮ ಮೀನುಗಳನ್ನು ಅದು ತಿಂದು ಮುಗಿಸುತ್ತದೆ. ತುಂಡಾದ ತಂಗೂಸಿ ದಾರವನ್ನು ದಂಡೆ ಮೇಲೆ ಬಿಟ್ಟು ಹೋದರೆ ಕೊಕ್ಕರೆ ಕಾಲಿಗೆ, ಮೇಯಲು ಬಂದ ಕುರಿ ಕಾಲಿಗೆ ಸುತ್ತಿಕೊಳ್ಳುತ್ತೆ. ಸುತ್ತಿ ಜೇಬಿಗೆ ಹಾಕಿಕೊಂಡು ಹೊರಡಿ.