ದಣಿವು ಮತ್ತು ಬಳಲಿಕೆ

ದಣಿವು ಬೇರೆ, ಬಳಲಿಕೆ ಬೇರೆ. ನಮ್ಮ ಶ್ರೀನಿವಾಸಪುರದ ತೋಪುಗಳಲ್ಲಿ ದಿನವೆಲ್ಲ ಮಾವಿನಕಾಯಿ ಇಳಿಸಿದವನ ದಣಿವು ಒಂದು ರಾತ್ರಿಯ ನಿದ್ರೆಯಿಂದ ಕಳೆಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಬಳಲಿಕೆಯಾದರೋ ಎಷ್ಟು ಮಲಗಿದರೂ ಕಳೆಯದು. ಈ ಭೇದವನ್ನು ನನಗೆ ಕಲಿಸಿದವಳು ನನ್ನ ಅಕ್ಕ.

ಅಕ್ಕನಿಗೆ ಸ್ತನದ ಕ್ಯಾನ್ಸರ್ ಇತ್ತು. ಚಿಕಿತ್ಸೆಗಾಗಿ ಬೆಂಗಳೂರಿಗೆ ಹೋಗಿಬರುತ್ತಿದ್ದೆವು. ಮಾಲೂರಿನಿಂದ ರೈಲಿನಲ್ಲಿ, ಮುಳಬಾಗಿಲಿನಿಂದ ಬಸ್ಸಿನಲ್ಲಿ ಬಂದ ನಮ್ಮ ಸೀಮೆಯವರು ಅಲ್ಲಿ ಜೊತೆಯಾಗುತ್ತಿದ್ದರು. ಅವರೆಲ್ಲರ ಮನೆಯವರ ಬಾಯಲ್ಲೂ ಒಂದೇ ಮಾತು: “ಸುಮ್ಮನೆ ಮಲಗಿರಲಿ.” ನಾವೂ ಹಾಗೆಯೇ ಮಾಡಿದೆವು. ಆಕೆ ಬಿಂದಿಗೆ ಎತ್ತಿದರೆ ಕಸಿದುಕೊಂಡೆವು. ಪೊರಕೆ ಹಿಡಿದರೆ ಗದರಿದೆವು. ಮೂರು ವಾರ ಕಳೆಯುವಷ್ಟರಲ್ಲಿ ಆಕೆಗೆ ಹೊಸಲು ದಾಟುವುದೂ ಕಷ್ಟವಾಯಿತು. ಒಂದು ದಿನ ಅಕ್ಕ, “ಬದುಕಿರುವಾಗಲೇ ನನ್ನನ್ನು ಇಲ್ಲದವಳನ್ನಾಗಿ ಮಾಡಬೇಡಿರೋ” ಎಂದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ವೈದ್ಯರು ವಿಷಯವನ್ನು ಬಿಡಿಸಿ ಹೇಳಿದರು. ಔಷಧಗಳ ತೀಕ್ಷ್ಣತೆ, ರಕ್ತಹೀನತೆ, ನಿದ್ರಾಭಂಗ ಇವೆಲ್ಲ ಬಳಲಿಕೆಗೆ ಕಾರಣಗಳು. ಬಳಲಿಕೆಯೆಂದು ಸದಾ ಮಲಗಿದರೆ ಸ್ನಾಯುಗಳು ಕರಗುತ್ತವೆ. ಆಮೇಲೆ ಚಿಕ್ಕ ಕೆಲಸವೂ ಬೆಟ್ಟವಾಗಿ, ಮತ್ತಷ್ಟು ಮಲಗಬೇಕೆನಿಸುತ್ತದೆ. ಈ ಚಕ್ರವನ್ನು ಮುರಿಯುವುದು ಹಿತವಾದ ವ್ಯಾಯಾಮವೇ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಅಭಿಪ್ರಾಯದಂತೆ, ವಾರಕ್ಕೆ 3 ಬಾರಿ, ಪ್ರತಿಸಲವೂ 30 ನಿಮಿಷ, ಸಾಧಾರಣ ವೇಗದ ನಡಿಗೆಯಂಥ ವ್ಯಾಯಾಮವನ್ನು 12 ವಾರವಾದರೂ ಮಾಡಿದರೆ ಬಳಲಿಕೆ ತಗ್ಗುತ್ತದೆ. ಗುಣವಾಗಲೆಂದು ನೀಡುವ ಚಿಕಿತ್ಸೆ ನಡೆಯುತ್ತಿರುವಾಗಲೇ ವ್ಯಾಯಾಮವನ್ನು ಸೂಚಿಸಬೇಕೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವು 2022ರಲ್ಲಿ ಹೇಳಿತು. ಆದರೆ ಜ್ವರ, ತಲೆಸುತ್ತು, ರಕ್ತಸ್ರಾವ ಇದ್ದಾಗ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ರೋಗ ಮೂಳೆಗೆ ಹರಡಿದ್ದರೆ ಅವರ ಅಪ್ಪಣೆಯಿಲ್ಲದೆ ತೊಡಗಬಾರದು.

ಅಕ್ಕ ಮೊದಲ ದಿನ ಜಗಲಿಯವರೆಗೆ ನಡೆದಳು. ವಾರ ಕಳೆದ ಮೇಲೆ ಬೇವಿನ ಮರದವರೆಗೆ. ತಿಂಗಳಾದ ಮೇಲೆ ತೋಪಿನ ಬೇಲಿಯವರೆಗೆ. ಔಷಧ ಪಡೆದ ಮರುದಿನಗಳಲ್ಲಿ ಹೆಜ್ಜೆಗಳು ಕಡಮೆಯಾಗುತ್ತಿದ್ದುವು. ಆದರೆ ಪೂರ್ತಿ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ನಡೆಯುವುದಷ್ಟೇ ನನ್ನ ಕೆಲಸವಾಯಿತು.

ಚಿಕಿತ್ಸೆ ಮುಗಿದ ಮೇಲೆ, ಒಂದು ಮುಂಜಾನೆ ಕೋಲಾರದ ಅಂತರಗಂಗೆಗೆ ಹೋದೆವು. ನಾಲ್ಕು ಕಡೆ ಕುಳಿತು ಸುಧಾರಿಸಿಕೊಂಡು ಅಕ್ಕ ಮೆಟ್ಟಿಲುಗಳನ್ನು ಏರಿದಳು. ಬಸವನ ಬಾಯಿಂದ ಬೀಳುವ ನೀರನ್ನು ಬೊಗಸೆಯಲ್ಲಿ ಹಿಡಿದು, “ದಣಿವಾಯಿತು ಕಣೋ” ಎಂದು ನಕ್ಕಳು. ಆ ರಾತ್ರಿ ಆಕೆಗೆ ಒಳ್ಳೆಯ ನಿದ್ರೆ ಬಂತು. ಬೆಳಗ್ಗೆ ದಣಿವು ಕಳೆದಿತ್ತು.