ನೆಲ ಬಿಡದ ವಿಮಾನಕ್ಕೂ ಬೇಕು ಸುಳ್ಳಾಡದ ಮುಳ್ಳು

ಅಂಗಳದಲ್ಲಿ ಗಿರಗಿರನೆ ಸುತ್ತಿ ಥಟ್ಟನೆ ನಿಂತು ನೋಡಿದ್ದೀರಾ ಮಕ್ಕಳೇ? ನಾವು ನಿಂತರೂ ನೆಲ ಸುತ್ತುತ್ತಲೇ ಇರುತ್ತದೆ! ನಮ್ಮ ಒಳಗಿವಿಯಲ್ಲಿರುವ ದ್ರವ ಇನ್ನೂ ನಿಂತಿರುವುದಿಲ್ಲ; ಅದಕ್ಕೇ ಈ ಭ್ರಮೆ. ಆಟದಲ್ಲಿ ಇದು ತಮಾಷೆ. ಮೋಡದೊಳಗೆ ಸಿಕ್ಕಿದ ಪೈಲಟ್‌ಗೆ ಪ್ರಾಣಾಪಾಯ. ಹೊರಗೆ ಏನೂ ಕಾಣದು. ವಿಮಾನ ನಿಧಾನವಾಗಿ ವಾಲಿದರೂ ನೆಟ್ಟಗೇ ಹೋಗುತ್ತಿದೆ ಎಂದು ಮೈ ಹೇಳುತ್ತದೆ. ಆಗ ನಂಬಬೇಕಾದದ್ದು ಮೈಯನ್ನಲ್ಲ, ಎದುರಿಗಿರುವ ಡಯಲ್‌ನ ಮುಳ್ಳನ್ನು.

ತಿದಿಯಿಂದ ಹುಟ್ಟಿದ ವಿಮಾನ

ಇದನ್ನು ನೆಲದ ಮೇಲೆಯೇ ಕಲಿಸಬಹುದು ಎಂದು ತೋರಿಸಿದವರು ಅಮೆರಿಕದ ಎಡ್ವಿನ್ ಲಿಂಕ್. ಅವರ ತಂದೆಯದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನಂತೆ ಆರ್ಗನ್‌ಗೂ ತಿದಿ ಬೇಕು. ಅಂಥದೇ ತಿದಿ, ಪಂಪುಗಳಿಂದ ಲಿಂಕ್ 1929ರಲ್ಲಿ ಪುಟ್ಟ ವಿಮಾನವೊಂದನ್ನು ಮಾಡಿದರು. ಅದು ವಾಲುತ್ತಿತ್ತು, ತಿರುಗುತ್ತಿತ್ತು, ನೆಲ ಮಾತ್ರ ಬಿಡುತ್ತಿರಲಿಲ್ಲ. ಮೊದಲು ಜನ ಅದನ್ನು ಆಟಿಕೆಯೆಂದೇ ಎಣಿಸಿದರು.

1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳಿಗೆ ಅಂಚೆ ಸಾಗಿಸುವ ಕೆಲಸ ಬಿತ್ತು. ಕೊರೆವ ಚಳಿ, ಹಿಮ, ಮಂಜು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆಗ ಸೇನೆ ಲಿಂಕ್ ಅವರಿಂದ ಆರು ಯಂತ್ರಗಳನ್ನು ಕೊಂಡಿತು. ಮುಚ್ಚಳ ಮುಚ್ಚಿದರೆ ಒಳಗಿದ್ದವರಿಗೆ ಡಯಲ್‌ಗಳಷ್ಟೇ ಕಾಣುತ್ತಿದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕುಳಿತು ಕಲಿತರು.

ಮನೆಯಲ್ಲೇ ಕಾಕ್‌ಪಿಟ್

ಇಂದು ಫ್ಲೈಟ್ ಸಿಮ್ಯುಲೇಟರ್ ಮನೆಯ ಕಂಪ್ಯೂಟರಿನಲ್ಲೇ ಸಿಗುತ್ತದೆ. ಡಯಲ್‌ಗಳ ಚಿತ್ರವೂ ಪರದೆಯ ಮೇಲೆ ಮೂಡುತ್ತದೆ. ಆದರೆ ಕೆಲವು ಹವ್ಯಾಸಿಗಳಿಗೆ ಚಿತ್ರ ಸಾಲದು. ಕೈಯಿಂದ ತಿರುಗಿಸುವ ನಿಜವಾದ ಡಯಲ್ ಬೇಕು. ಅದನ್ನು ತಾವೇ ಮಾಡಿಕೊಳ್ಳುತ್ತಾರೆ.

ದಿಕ್ಕು ತೋರಿಸುವ ಡಯಲ್ ಮಾಡುವ ಬಗೆ ನೋಡಿ. ಅಂಕಿಗಳಿರುವ ದುಂಡನೆಯ ಕಾಗದವನ್ನು ಅಚ್ಚುಹಾಕಿ ತಗಡಿಗೆ ಅಂಟಿಸುತ್ತಾರೆ. ಅದರ ಹಿಂದೆ 'ಸ್ಟೆಪ್ಪರ್' ಎಂಬ ಪುಟ್ಟ ಮೋಟಾರು. ಇದು ಫ್ಯಾನಿನಂತೆ ಸರ್ರನೆ ತಿರುಗದೆ, ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಸುತ್ತಿಗೆ 200 ಹೆಜ್ಜೆ ಇಡುವ ಮೋಟಾರುಗಳೇ ಹೆಚ್ಚು. ಕಂಪ್ಯೂಟರ್ 'ಈಗ ಪೂರ್ವಕ್ಕೆ ಹೋಗುತ್ತಿದ್ದೇವೆ' ಎಂದು ತಿಳಿಸಿದರೆ, ಆರ್ಡುಯಿನೊದಂಥ ಚಿಕ್ಕ ಬೋರ್ಡು ಮೋಟಾರಿಗೆ 'ಇಷ್ಟು ಹೆಜ್ಜೆ ನಡೆ' ಎನ್ನುತ್ತದೆ.

ಇಲ್ಲೊಂದು ತೊಡಕು. ಕರೆಂಟು ಹೋಗಿ ಬಂದರೆ ತಾನು ಎಲ್ಲಿದ್ದೆ ಎಂಬುದೇ ಮೋಟಾರಿಗೆ ಮರೆತಿರುತ್ತದೆ! ಅದಕ್ಕೆ ಚಕ್ರದಲ್ಲಿ ಒಂದು ಸಣ್ಣ ತೂತು ಕೊರೆಯುತ್ತಾರೆ. ಆ ತೂತಿನ ಮೂಲಕ ಬೆಳಕು ಹಾದು ಸೆನ್ಸರಿಗೆ ಬಿದ್ದ ಜಾಗವೇ ಉತ್ತರ, ಅಂದರೆ ಸೊನ್ನೆ. ಕಂಬ ಮುಟ್ಟಿ ಆಟ ಶುರುಮಾಡಿದಂತೆ, ಮೋಟಾರು ಮೊದಲು ಆ ತೂತನ್ನು ಹುಡುಕಿ ಅಲ್ಲಿಂದ ಎಣಿಸುತ್ತದೆ.

ತೂತು ಒಂದೇ ಒಂದು ಡಿಗ್ರಿ ಆಚೀಚೆಯಾದರೆ? 60 ಕಿಲೋಮೀಟರ್ ಹಾರುವಷ್ಟರಲ್ಲಿ ವಿಮಾನ ಸುಮಾರು ಒಂದು ಕಿಲೋಮೀಟರ್ ದಾರಿ ತಪ್ಪಿರುತ್ತದೆ. ಸುಳ್ಳು ಹೇಳುವ ಮುಳ್ಳು, ಮುಳ್ಳೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಅದಕ್ಕೇ ಡಯಲ್ ಮಾಡುವವರು ಅಳೆದು ಅಳೆದು ಕೂರಿಸುತ್ತಾರೆ.

ನೀವೂ ಮಾಡಿ

ಒಂದು ರಟ್ಟಿನ ಮೇಲೆ ವೃತ್ತ ಬರೆಯಿರಿ. ಕೋನಮಾಪಕ ಇಟ್ಟು, ಗಡಿಯಾರ ಸುತ್ತುವ ದಿಕ್ಕಿನಲ್ಲಿ 30 ಡಿಗ್ರಿಗೊಂದು ಗೆರೆ ಎಳೆಯಿರಿ. ಉತ್ತರಕ್ಕೆ 'ಉ' ಎಂದೂ, ಉಳಿದವಕ್ಕೆ ಕೊನೆಯ ಸೊನ್ನೆ ಬಿಟ್ಟು 3, 6, 9... 33 ಎಂದೂ ಬರೆಯಿರಿ. ವಿಮಾನದ ಡಯಲ್‌ನಲ್ಲೂ ಅಂಕಿಗಳ ಕೊನೆಯ ಸೊನ್ನೆ ಬಿಟ್ಟೇ ಬರೆದಿರುತ್ತದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗಳಲ್ಲಿ ಒಂದು ತುದಿಗೆ 09, ಇನ್ನೊಂದು ತುದಿಗೆ 27 ಎಂದು ಬರೆದಿರುವುದೂ ಇದೇ ಲೆಕ್ಕದಲ್ಲಿ: 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ.

ಸೂರ್ಯ ಹುಟ್ಟುವ ಕಡೆಯನ್ನು ಅಜ್ಜ, ಅಜ್ಜಿಯನ್ನು ಕೇಳಿ ರಟ್ಟನ್ನು ಸರಿಯಾಗಿ ಇಡಿ. ಈಗ ಹೇಳಿ, ನಿಮ್ಮ ಮನೆಯ ಬಾಗಿಲು ಎಷ್ಟನೇ ನಂಬರಿನ ಕಡೆಗಿದೆ?