ಎಸೆದವನಿಗೆ ಸಿಗುವ ಅರ್ಧ ಸೆಕೆಂಡು

ನಿಂಟೆಂಡೊ 2001ರಲ್ಲಿ ಹೊರತಂದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೇಲೀ’ ಆಟದಲ್ಲಿ ಎದುರಾಳಿಯನ್ನು ವೇದಿಕೆಯಾಚೆ ಹಾರಿಸಿದವನೇ ಗೆದ್ದವನು. ಏಟು ಬಿದ್ದಷ್ಟೂ ಶೇಕಡಾ ಅಂಕಿ ಏರುತ್ತದೆ. ಅಂಕಿ ಏರಿದಷ್ಟೂ ಮುಂದಿನ ಏಟಿಗೆ ದೇಹ ದೂರ ಹಾರುತ್ತದೆ. ಹಿಡಿದೆಸೆಯುವ ಪಟ್ಟು ಇಲ್ಲಿ ಹೊಸಬರಿಗೆ ಸಪ್ಪೆ. ಒಂದು ಎಸೆತಕ್ಕೆ ಹೆಚ್ಚುವ ಅಂಕಿ ಅಷ್ಟಕ್ಕಷ್ಟೇ. ಆದರೂ ಪಳಗಿದವರು ಆ ಪಟ್ಟಿಗಾಗಿಯೇ ಹೊಂಚು ಹಾಕುತ್ತಾರೆ. ಶೀಲ್ಡ್ ಹೊಡೆತವನ್ನು ತಡೆದೀತು, ಹಿಡಿತವನ್ನು ತಡೆಯದು ಎಂಬುದು ಒಂದು ಕಾರಣ. ದೊಡ್ಡ ಕಾರಣ ಸಮಯ.

ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ನಿಂತಲ್ಲೇ ಕೈಚಾಚಿದರೆ ಹಿಡಿತ ಬಹುತೇಕ ಪಾತ್ರಗಳಿಗೆ 7ನೇ ಫ್ರೇಮಿಗೇ ತಗಲುತ್ತದೆ. ಕಂಡದ್ದಕ್ಕೆ ನಮ್ಮ ಕೈ ಸ್ಪಂದಿಸಲು ಸುಮಾರು 12ರಿಂದ 15 ಫ್ರೇಮ್ ಬೇಕು. ಅಂದರೆ ಹಿಡಿತವನ್ನು ನೋಡಿ ತಪ್ಪಿಸಿಕೊಳ್ಳಲಾಗದು, ಮೊದಲೇ ಊಹಿಸಬೇಕು. ಎಸೆದ ಮೇಲಾದರೋ ಲೆಕ್ಕ ಎಸೆದವನ ಕಡೆಗೆ ವಾಲುತ್ತದೆ. ಎಸೆತದ ಬಲವನ್ನು 0.4ರಿಂದ ಗುಣಿಸಿದಷ್ಟು ಫ್ರೇಮ್ ಎದುರಾಳಿ ಏನೂ ಮಾಡಲಾರ. ಬಲ 80 ಇದ್ದರೆ 32 ಫ್ರೇಮ್, ಅರ್ಧ ಸೆಕೆಂಡಿಗೂ ತುಸು ಹೆಚ್ಚು. ಅವನು ಎತ್ತ ಸಾಗುತ್ತಿದ್ದಾನೆಂದು ಕಣ್ಣಾರೆ ನೋಡಿ, ಅಲ್ಲಿಗೆ ಓಡಿ ಮತ್ತೆ ಹಿಡಿಯಲು ಅದು ಧಾರಾಳ.

ಯಾರನ್ನು ಎಸೆದಿರಿ ಎಂಬುದು ಇಲ್ಲಿ ಎಲ್ಲವನ್ನೂ ಬದಲಿಸುತ್ತದೆ. ಗಾಳಿಯ ತಡೆ ಬಿಟ್ಟರೆ ಭೂಮಿಯ ಮೇಲೆ ಎಲ್ಲವೂ ಒಂದೇ ವೇಗೋತ್ಕರ್ಷದಲ್ಲಿ ಬೀಳುತ್ತವೆ. ಈ ಆಟದಲ್ಲಿ ಒಂದೊಂದು ಪಾತ್ರಕ್ಕೂ ತನ್ನದೇ ಗುರುತ್ವ! ಫಾಕ್ಸ್‌ನದು 0.23, ಜಿಗ್ಲಿಪಫ್‌ನದು 0.064. ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಹಗುರ ಮೈಯ ಫಾಕ್ಸ್ ದೈತ್ಯ ಬೌಸರ್‌ಗಿಂತ ಬೇಗ ನೆಲಕ್ಕಿಳಿಯುತ್ತಾನೆ. ಆದ್ದರಿಂದಲೇ ಮಾರ್ಥ್ ಮೇಲಕ್ಕೆಸೆದ ಫಾಕ್ಸ್, ಕೈಕಾಲು ಸ್ವಾಧೀನಕ್ಕೆ ಬರುವ ಮೊದಲೇ ಮಾರ್ಥ್‌ನ ಕೈಗೆಟುಕುವಷ್ಟು ಕೆಳಗಿರುತ್ತಾನೆ. ಮತ್ತೆ ಹಿಡಿತ, ಮತ್ತೆ ಎಸೆತ. ‘ಚೈನ್ ಗ್ರ್ಯಾಬ್’ ಎಂದು ಆಟಗಾರರು ಕರೆಯುವುದು ಇದನ್ನೇ. ಅದೇ ಬಲಕ್ಕೆ ಜಿಗ್ಲಿಪಫ್ ಇನ್ನೂ ಮೇಲೆ ತೇಲುತ್ತಿರುತ್ತದೆ.

ಎಸೆಸಿಕೊಂಡವನ ಬಳಿಯೂ ಒಂದು ಅಸ್ತ್ರ ಉಂಟು. ಹಾರುವ ಕ್ಷಣದಲ್ಲಿ ಸ್ಟಿಕ್ ವಾಲಿಸಿ ದಿಕ್ಕನ್ನು 18 ಡಿಗ್ರಿಯವರೆಗೆ ತಿರುಗಿಸಬಹುದು. ಇದಕ್ಕೆ ‘ಡಿಐ’ ಎನ್ನುತ್ತಾರೆ. ಯಾವಾಗಲೂ ಮೇಲಕ್ಕೇ ಎಸೆಯುವವನ ಎದುರಾಳಿ ಸ್ಟಿಕ್ಕನ್ನು ಮೊದಲೇ ವಾಲಿಸಿ ಕಾಯುತ್ತಾನೆ. ಇಂಥ ಸೆಣಸಿನಲ್ಲಿ ಆಯ್ಕೆಗಳನ್ನು ಬೆರೆಸಿ ಆಡುವುದೇ ಸುರಕ್ಷಿತ ಎಂಬುದಕ್ಕೆ ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲೇ ಗಣಿತದ ಆಧಾರ ಕೊಟ್ಟಿದ್ದರು. ಆದರೆ ಸಮಸಮ ಬೆರೆಸಬೇಕಿಲ್ಲ. ನಡು ವೇದಿಕೆಯಲ್ಲಿ ಫಾಕ್ಸ್ ಸಿಕ್ಕರೆ ಮೇಲೆಸೆತಕ್ಕೇ ಹೆಚ್ಚು ಪಾಲು; ಅಂಚಿನಲ್ಲಿ ಸಿಕ್ಕರೆ ಹೊರಗೆಸೆದು, ಅವನು ಮರಳುವ ದಾರಿಯನ್ನು ಕಾಯುವುದು ಲೇಸು.